ಮೋಟಾರಿನ ಒಡಲಲ್ಲಿ ಸಿಕ್ಕಿದ ಗಾಳಿ

ಎಣ್ಣೆಯನ್ನು ಸೀಸೆಗೆ ತುಂಬುವಾಗ ಗೃಹಿಣಿಯರೆಲ್ಲರೂ ಕಂಡಿರುವ ಒಂದು ಸಣ್ಣ ಸಂಗತಿಯಿಂದ ಈ ತಿಂಗಳ ವಿಷಯವನ್ನು ಆರಂಭಿಸುವೆನು. ಸೀಸೆಯ ಕೊರಳಿನಲ್ಲಿ ಲಾಳಿಕೆಯು ಬಿಗಿಯಾಗಿ ಕುಳಿತುಬಿಟ್ಟರೆ ಎಣ್ಣೆಯು ತುಸು ಇಳಿದು ನಿಂತುಬಿಡುವುದು. ಸೀಸೆಯಲ್ಲಿ ಇನ್ನೂ ಮುಕ್ಕಾಲು ಪಾಲು ಜಾಗವಿದೆ, ಲಾಳಿಕೆಯ ತುಂಬ ಎಣ್ಣೆಯಿದೆ, ಆದರೂ ಇಳಿಯದು. ಬಲ್ಲವರು ಲಾಳಿಕೆಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತುವರು. ಒಡನೆಯೇ ಒಳಗಿನ ಗಾಳಿಯು ಬುಸ್ಸೆಂದು ಹೊರಬೀಳುವುದು. ಎಣ್ಣೆಯು ಗಳಗಳನೆ ಇಳಿಯುವುದು. ಬಾವಿಗೆ ಬಿಟ್ಟ ಕೊಡದ ರೀತಿಯೂ ಇದೇ. ಬಾಯಿ ಕೆಳಗಾಗಿ ನೀರಿಗೆ ಬಿದ್ದ ಕೊಡವು ಎಷ್ಟು ಹೊತ್ತಾದರೂ ತುಂಬದು; ಹಗ್ಗವನ್ನು ಜಗ್ಗಿ ಪಕ್ಕಕ್ಕೆ ವಾಲಿಸಿದಾಗಲೇ ಗುಳುಗುಳು ಸದ್ದು ಮಾಡುತ್ತ ಮುಳುಗುವುದು. ಅದು ನೀರು ಒಳಹೋಗುವ ಸದ್ದೆಂದು ಮಕ್ಕಳು ತಿಳಿಯುವರು. ನಿಜವಾಗಿ ಅದು ಗಾಳಿಯು ಹೊರಡುವ ಸದ್ದು. ಬರಿದೆಂದು ನಾವು ಕರೆಯುವ ಪಾತ್ರೆಯು ವಾಯುವಿನಿಂದ ತುಂಬಿಯೇ ಇರುವುದು. ಆದುದರಿಂದ ತುಂಬುವುದೆಂಬ ಕಾರ್ಯದಲ್ಲಿ ಎರಡು ಕಾರ್ಯಗಳು ಅಡಗಿರುವುವು: ಒಂದನ್ನು ಒಳಕ್ಕೆ ಬಿಡುವುದು, ಇನ್ನೊಂದಕ್ಕೆ ಹೊರದಾರಿಯನ್ನು ಮಾಡಿಕೊಡುವುದು. ಎರಡನೆಯದನ್ನು ಮರೆತವರಿಗೆ ಮೊದಲನೆಯದೂ ಪೂರ್ತಿಯಾಗಿ ಸಿದ್ಧಿಸದು.

ತಿಪಟೂರಿನ ಕಡೆಯಿಂದ ವಾಚಕರೊಬ್ಬರು ಬರೆದಿರುವ ಕಾಗದವೇ ಈ ಪ್ರಸ್ತಾಪಕ್ಕೆ ಕಾರಣ. ಅವರ ಕಾರಿನ ಕೂಲೆಂಟನ್ನು, ಎಂದರೆ ಇಂಜಿನನ್ನು ತಂಪುಗೊಳಿಸುವ ದ್ರವವನ್ನು, ಈಚೆಗೆ ಬದಲಾಯಿಸಿದರಂತೆ. ಹೊಸ ದ್ರವವನ್ನು ಹಾಕಿದ ಮೇಲೆಯೇ ಇಂಜಿನು ಮಿತಿಮೀರಿ ಕಾಯತೊಡಗಿತಂತೆ. ಮೆಕ್ಯಾನಿಕನು, ‘ಏರ್ ಲಾಕ್ ಆಗಿದೆ, ಗಾಡಿ ಬಿಟ್ಟುಹೋಗಿ, ನಾಳೆ ಬನ್ನಿ’ ಎಂದನಂತೆ. ‘ಇದು ಹಣ ಕೀಳುವುದಕ್ಕೆ ಹೂಡಿದ ನೆವವೋ, ಅಂಥದೊಂದು ನಿಜವಾಗಿಯೂ ಉಂಟೋ? ಬರಿಯ ಗಾಳಿಯು ಲೋಹದ ಇಂಜಿನನ್ನು ಕೆಡಿಸಬಲ್ಲುದೇ?’ ಎಂಬುದು ಅವರ ಪ್ರಶ್ನೆ.

ಉಂಟು, ಕೆಡಿಸಬಲ್ಲುದು. ಒಂದೆರಡು ಲೋಟದಷ್ಟು ಗಾಳಿಯು ಸಲ್ಲದ ಎಡೆಯಲ್ಲಿ ಸೇರಿಕೊಂಡರೆ ಇಂಜಿನಿನ ತಲೆಯ ಭಾಗವು ಸೊಟ್ಟಗಾಗಿ, ಅದರ ಕೆಳಗಿನ ಗ್ಯಾಸ್ಕೆಟ್ಟು ಬಿಟ್ಟುಕೊಂಡು, ಒಂದು ಸಂಸಾರದ ತಿಂಗಳ ಸಂಪಾದನೆಯನ್ನೇ ನುಂಗಿಬಿಡುವುದು. ಅದನ್ನು ಹೊರಡಿಸುವುದಕ್ಕಾದರೋ ಬೇಕಾದುದು ಅರ್ಧ ಗಂಟೆಯಿಂದ ಒಂದು ಗಂಟೆಯ ತಾಳ್ಮೆ. ಈ ಮಾತನ್ನು ಮನೆಮಂದಿಯೆಲ್ಲರೂ ತಿಳಿದಿರುವುದು ಲೇಸು. ಬಂಡಿಯನ್ನು ನಡೆಸುವವರು ಒಬ್ಬರಾದರೂ ಅದರಲ್ಲಿ ಕುಳಿತು ಹೋಗುವವರು ಎಲ್ಲರೂ ಅಲ್ಲವೆ?

ಮೊದಲು ಯಂತ್ರದ ರೀತಿಯನ್ನು ನೋಡೋಣ. ಇಂಜಿನಿನಲ್ಲಿ ಉರಿಯುವ ಪೆಟ್ರೋಲಿನ ಶಾಖವೆಲ್ಲವೂ ಚಕ್ರವನ್ನು ತಿರುಗಿಸುವುದಕ್ಕೆ ಸಲ್ಲುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲಿ ಒಂದು ಪಾಲು ಚಲನೆಗೆ ಒದಗುವುದು. ಒಂದು ಪಾಲು ಹೊಗೆಯೊಡನೆ ಹೊರಟುಹೋಗುವುದು. ಉಳಿದುದರಲ್ಲಿ ಬಹುಭಾಗವನ್ನು ಕೂಲೆಂಟು ಹೊತ್ತು ಹೊರಗೆ ಚೆಲ್ಲಬೇಕು. ಸಿಲಿಂಡರಿನೊಳಗಣ ಜ್ವಾಲೆಯ ಉಷ್ಣತೆಯು 2,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದುಂಟು. ಈಗಿನ ಇಂಜಿನುಗಳ ತಲೆಯು ಅಲ್ಯೂಮಿನಿಯಮಿನದು. ಆ ಲೋಹವು 660 ಡಿಗ್ರಿಗೇ ಕರಗುವಂಥದು. ಹೀಗಿದ್ದೂ ಅದು ಕರಗದೆ, ಸೊಟ್ಟಗಾಗದೆ ಉಳಿದಿರುವುದು ಅದರ ಬೆನ್ನಿಗೆ ಸದಾ ತಗುಲಿ ಹರಿಯುವ ದ್ರವದ ದೆಸೆಯಿಂದ. ಪಂಪು ಈ ದ್ರವವನ್ನು ಸಿಲಿಂಡರುಗಳ ಸುತ್ತಣ ಓಣಿಗಳಲ್ಲಿ ತಳ್ಳುವುದು. ಅಲ್ಲಿಂದ ಅದು ತಲೆಯ ಭಾಗಕ್ಕೇರಿ, ಮೇಲಣ ಹೋಸಿನ ಮೂಲಕ ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ಮೈಯೊಡ್ಡಿ ತಣಿದು, ಕೆಳಗಣ ಹೋಸಿನಿಂದ ಮರಳಿ ಪಂಪಿಗೆ ಸೇರುವುದು. ನಡುವೆ ಥರ್ಮೋಸ್ಟಾಟೆಂಬ ದ್ವಾರಪಾಲಕನೊಬ್ಬನಿರುವನು. ಅವನ ಒಡಲಲ್ಲಿ ಮೇಣವಿದೆ. ದ್ರವವು ಸುಮಾರು 80ರಿಂದ 90 ಡಿಗ್ರಿಯವರೆಗೆ ಕಾದಾಗ ಮೇಣವು ಕರಗಿ ಹಿಗ್ಗಿ ಬಾಗಿಲನ್ನು ತೆರೆಯುವುದು. ಅಲ್ಲಿಯವರೆಗೆ ರೇಡಿಯೇಟರಿನ ದಾರಿಯು ಮುಚ್ಚಿರುವುದು. ಇದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುವುದು. ಬಂಡಿಯೊಳಗೆ ಕುಳಿತವರಿಗೆ ಬಿಸಿಗಾಳಿಯನ್ನು ಕೊಡುವ ಹೀಟರಿಗೂ ಇದೇ ದ್ರವದ ಒಂದು ಕವಲು ಹೋಗುವುದು.

ಈ ಏರ್ಪಾಡು ಒಂದೇ ದಿನದಲ್ಲಿ ಆದುದಲ್ಲ. ಜರ್ಮನಿಯ ಕಾರ್ಲ್ ಬೆಂಜನು 1886ರಲ್ಲಿ ಪೇಟೆಂಟು ಪಡೆದ ಮೂರು ಚಕ್ರದ ಬಂಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಲೇ ಇಂಜಿನನ್ನು ತಂಪುಗೊಳಿಸುತ್ತಿತ್ತು. ದಾರಿಯುದ್ದಕ್ಕೂ ನೀರನ್ನು ಹುಯ್ಯುತ್ತಲೇ ಹೋಗಬೇಕಾಗಿತ್ತು. ವಿಲ್‌ಹೆಲ್ಮ್ ಮೇಬಾಖನು ಜೇನುಹುಟ್ಟಿನ ಆಕಾರದ ರೇಡಿಯೇಟರನ್ನು ರಚಿಸಿ 1901ರ ಮರ್ಸಿಡಿಸ್ ಬಂಡಿಗೆ ಅಳವಡಿಸಿದ ಮೇಲೆ ಸ್ವಲ್ಪ ದ್ರವವನ್ನೇ ಮತ್ತೆ ಮತ್ತೆ ತಣಿಸಿ ಬಳಸುವುದು ಸುಲಭವಾಯಿತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಕಂಪೆನಿಯ ಮಾಡೆಲ್ ಟೀ ಬಂಡಿಗಳಲ್ಲಿ ಮೊದಲ ಕೆಲವನ್ನು ಬಿಟ್ಟರೆ ಪಂಪೇ ಇರಲಿಲ್ಲ. ಕಾದ ನೀರು ಹಗುರವಾಗಿ ತಾನಾಗಿಯೇ ಮೇಲಕ್ಕೇರಿ ರೇಡಿಯೇಟರಿಗೆ ಹೋಗುತ್ತಿತ್ತು. ತಣಿದ ನೀರು ಭಾರವಾಗಿ ಕೆಳಗಿಳಿದು ಇಂಜಿನಿಗೆ ಮರಳುತ್ತಿತ್ತು. ಬೆಂಗಳೂರು ಮೈಸೂರುಗಳ ತಾರಸಿಗಳ ಮೇಲೆ ಕುಳಿತಿರುವ ಸೋಲಾರ್ ನೀರೊಲೆಗಳಲ್ಲಿ ನಡೆಯುವುದೂ ಇದೇ ತತ್ತ್ವ. ಆ ತೊಟ್ಟಿಯ ನೆತ್ತಿಯಿಂದ ಆಕಾಶಕ್ಕೆ ಬಾಯಿ ತೆರೆದು ನಿಂತಿರುವ ಸಣ್ಣ ಕೊಳವೆಯೊಂದನ್ನು ನೀವು ಕಂಡಿರಬಹುದು. ಗಾಳಿಯು ಹೊರಡಲೆಂದೇ ಅದನ್ನಿಟ್ಟಿರುವರು. ಬಚ್ಚಲುಮನೆಗೆ ಬರುವ ಪೈಪು ನಡುವೆ ಎಲ್ಲಿಯಾದರೂ ಗೂನುಬೆನ್ನಿನಂತೆ ಮೇಲೆದ್ದಿದ್ದರೆ ಅಲ್ಲಿ ಗಾಳಿಯು ಕುಳಿತು, ತೊಟ್ಟಿಯಲ್ಲಿ ಕುದಿನೀರಿದ್ದರೂ ನಲ್ಲಿಯು ಬರಿದೆ ಸುಯ್ಗುಟ್ಟುವುದನ್ನು ಎಷ್ಟೋ ಮನೆಗಳಲ್ಲಿ ಬಲ್ಲರು.

ಗಾಳಿಯ ಸ್ವಭಾವವೇ ಅದು. ದ್ರವದ ನಡುವೆ ಸಿಕ್ಕಿದರೆ ಅತ್ಯಂತ ಎತ್ತರವಾದ ಎಡೆಯನ್ನು ಹುಡುಕಿಕೊಂಡು ಹೋಗಿ ಕುಳಿತುಬಿಡುವುದು. ಹಿಂದಿನ ಬಂಡಿಗಳಲ್ಲಿ ರೇಡಿಯೇಟರು ಇಂಜಿನಿಗಿಂತ ಎತ್ತರವಾಗಿ, ಅದರ ಮುಚ್ಚಳವು ಎಲ್ಲಕ್ಕಿಂತ ಮೇಲೆ ಇರುತ್ತಿತ್ತು. 2014ರಲ್ಲಿ ತಯಾರಿಕೆಯು ನಿಂತ ನಮ್ಮ ಅಂಬಾಸಡರ್ ಕಾರನ್ನು ನೆನೆದುಕೊಳ್ಳಿ. ಮುಚ್ಚಳವನ್ನು ತೆಗೆದು ನೀರು ಹುಯ್ದರೆ ಗಾಳಿಯು ಬಹುಮಟ್ಟಿಗೆ ತಾನಾಗಿಯೇ ಆ ಬಾಯಿಂದ ಹೊರಟುಹೋಗುತ್ತಿತ್ತು. ಆಮೇಲಾಮೇಲೆ ಬಂಡಿಗಳ ಮೂತಿಯು ತಗ್ಗಾಯಿತು. ಅದರೊಡನೆ ರೇಡಿಯೇಟರೂ ತಗ್ಗಿತು. ಅನೇಕ ಕಾರುಗಳಲ್ಲಿ ಈಗ ಇಂಜಿನಿನ ತಲೆಯಾಗಲಿ ಹೀಟರಿಗೆ ಹೋಗುವ ಹೋಸಾಗಲಿ ದ್ರವವನ್ನು ಹುಯ್ಯುವ ಬಾಯಿಗೆ ಸಮನಾಗಿಯೋ ಅದಕ್ಕಿಂತ ಮೇಲಾಗಿಯೋ ಇರುವುದು. ಹೀಗಿರಲು, ಬಾಯಿಯವರೆಗೆ ತುಂಬಿ ತುಳುಕಿದರೂ ಒಳಗೆ ಎತ್ತರದ ಮೂಲೆಯಲ್ಲಿ ಗಾಳಿಯು ಉಳಿದಿರಬಹುದು. ಹುಯ್ದವನ ಕಣ್ಣಿಗೆ ಬಂಡಿಯು ಪೂರ್ಣವಾಗಿ ಕಾಣುವುದು. ಒಳಗೆ ಒಂದು ಲೀಟರು ಕಡಿಮೆಯಿರುವುದು.

ಅದರಿಂದ ಕೇಡೇನು? ಮೂರು ಬಗೆಯ ಕೇಡುಂಟು. ಮೊದಲನೆಯದು: ಗಾಳಿಯು ಶಾಖವನ್ನು ಹೊರಲಾರದು. ಒಂದು ಲೋಟ ನೀರು ಒಂದು ಡಿಗ್ರಿ ಕಾಯುವಷ್ಟರಲ್ಲಿ ಹೀರುವ ಶಾಖವನ್ನು ಅಷ್ಟೇ ಡಿಗ್ರಿಗೆ ಹೀರಬೇಕಾದರೆ ಮೂರು ಸಾವಿರಕ್ಕೂ ಮೇಲ್ಪಟ್ಟು ಲೋಟಗಳ ಗಾಳಿ ಬೇಕು. ಆದಕಾರಣ ಗಾಳಿಯು ಕುಳಿತ ಎಡೆಯ ಲೋಹವು ಬೆನ್ನಿಗೆ ತಂಪಿಲ್ಲದೆ ಬೇಯುವುದು. ಅದಕ್ಕೆ ನೆರೆಯ ದ್ರವವು ಕುದಿದು ಆವಿಯಾಗುವುದು. ಆವಿಯೂ ಗಾಳಿಯ ಜೊತೆ ಸೇರಿ ಬರಿದಾದ ಎಡೆಯನ್ನು ಇನ್ನೂ ಹಿಗ್ಗಿಸುವುದು. ಎರಡನೆಯದು: ಪಂಪು ಗಾಳಿಯನ್ನು ತಳ್ಳಲಾರದು. ತೋಟದ ಪಂಪುಸೆಟ್ಟಿಗೆ ಮೊದಲು ನೀರು ತುಂಬಿಸದೆ ನಡೆಸಿದರೆ ಅದು ಬರಿದೆ ಗಿರ್ರೆಂದು ತಿರುಗಿ ಒಂದು ಹನಿಯನ್ನೂ ಎತ್ತದೆಂಬುದನ್ನು ಒಕ್ಕಲಿನವರೆಲ್ಲರೂ ಬಲ್ಲರು. ಕಾರಿನ ಪಂಪೂ ಅದೇ ಕುಲದ್ದು. ಅದರ ಬಾಯಿಗೆ ಗಾಳಿ ಸಿಕ್ಕಿದರೆ ದ್ರವದ ಸುತ್ತಾಟವೇ ನಿಂತುಹೋಗುವುದು.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಬಂಡಿ ನಡೆಸುವವರ ಮುಂದೆ ಉಷ್ಣತೆಯನ್ನು ತೋರಿಸುವ ಮುಳ್ಳೊಂದಿರುವುದಷ್ಟೆ. ಅದಕ್ಕೆ ಸುದ್ದಿ ಕೊಡುವ ಸಣ್ಣ ಉಪಕರಣವು ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸತ್ಯವನ್ನು ಹೇಳುವುದು. ಅದರ ಸುತ್ತ ದ್ರವವಿಲ್ಲದೆ ಗಾಳಿಯಿದ್ದರೆ, ಪಕ್ಕದ ಲೋಹವು ಬೇಯುತ್ತಿದ್ದರೂ ಮುಳ್ಳು ನಡುವಿನಲ್ಲಿಯೋ ಕೆಳಗೋ ನೆಮ್ಮದಿಯಾಗಿ ನಿಂತಿರಬಹುದು. ಆಮೇಲೆ ಒಂದು ಅಲೆಯಷ್ಟು ಕುದಿದ್ರವವು ಬಂದು ತಗುಲಿತೆಂದರೆ ಒಮ್ಮೆಗೇ ಕೆಂಪು ಗೆರೆಗೆ ನೆಗೆಯುವುದು. ಅಲೆಯು ಸರಿದರೆ ಮತ್ತೆ ಇಳಿಯುವುದು. ಮುಳ್ಳು ಹೀಗೆ ಏರಿಳಿದಾಡುವುದನ್ನು ಕಂಡು ‘ಮುಳ್ಳು ಕೆಟ್ಟಿದೆ’ ಎಂದು ಅಲಕ್ಷ್ಯ ಮಾಡುವವರು ಅನೇಕರು.

ನನ್ನ ಹಳೆಯ ಶಿಷ್ಯನೊಬ್ಬನು ಹಾಸನದ ಕಡೆ ಉದ್ಯೋಗದಲ್ಲಿರುವನು. ಕಳೆದ ಮಳೆಗಾಲದಲ್ಲಿ ಅವನು ಹೆಂಡತಿ, ಇಬ್ಬರು ಮಕ್ಕಳು ಮತ್ತು ವೃದ್ಧೆಯಾದ ತಾಯಿಯೊಡನೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿದ್ದನು. ಹೊರಡುವ ಹಿಂದಿನ ದಿನ ತನ್ನ ಊರಿನ ಒಂದು ವರ್ಕ್‌ಷಾಪಿನಲ್ಲಿ ಕೂಲೆಂಟನ್ನು ಬದಲಾಯಿಸಿಕೊಂಡಿದ್ದನು. ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಮರಳಿ ಶಿರಾಡಿ ಘಟ್ಟವನ್ನು ಏರುವಾಗ ಮಳೆಯು ಹಿಡಿಯಿತು. ಮುಂದಿನ ಗಾಜಿಗೆ ಮಂಜು ಕವಿಯಿತು. ಅದನ್ನು ಆರಿಸಲೆಂದು ಹೀಟರನ್ನು ತಿರುಗಿಸಿದರೆ ತಣ್ಣನೆಯ ಗಾಳಿಯೇ ಬಂದಿತು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎರಡು ತಿರುವು ಕಳೆಯುವಷ್ಟರಲ್ಲಿ ಮುಳ್ಳು ಒಮ್ಮೆ ನೆಗೆದು ಇಳಿಯಿತು, ಮತ್ತೆ ನೆಗೆಯಿತು. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿಯೇ ಅದನ್ನು ಮೊದಲು ಕಂಡು, ‘ನಿಲ್ಲಿಸಿ, ಮುಂದೆ ಹೋಗುವುದು ಬೇಡ’ ಎಂದಳಂತೆ. ಅಂಚಿಗೆ ನಿಲ್ಲಿಸಿ, ಬಾನೆಟ್ಟನ್ನೆತ್ತಿ, ಟವೆಲನ್ನು ಕೈಗೆ ಸುತ್ತಿಕೊಂಡು ಅವನು ಮುಚ್ಚಳಕ್ಕೆ ಕೈಹಾಕುವಷ್ಟರಲ್ಲಿ, ಹಿಂದೆ ನಿಂತಿದ್ದ ಲಾರಿಯ ಚಾಲಕನು ಇಳಿದು ಓಡಿಬಂದು, ‘ಸಾರ್, ಮುಟ್ಬೇಡಿ! ಮುಖಕ್ಕೇ ಹಾರ್ತದೆ. ಒಂದು ಗಂಟೆ ಸುಮ್ನೆ ಕೂತ್ಕೊಳ್ಳಿ’ ಎಂದು ತಡೆದನು.

ಗಂಟೆಯ ಮೇಲಾಯಿತು. ಇಂಜಿನು ಕೈಯಿಂದ ಮುಟ್ಟುವ ಹಾಗೆ ತಣಿದ ಮೇಲೆ ಆ ಚಾಲಕನೇ ಮುಚ್ಚಳವನ್ನು ತೆಗೆದನು. ಬಂಡಿಯ ಮೂತಿಯು ಏರಿನ ಕಡೆಗೆ, ಎಂದರೆ ಮೇಲ್ಮುಖವಾಗಿಯೇ ನಿಂತಿತ್ತು. ಹಿಂದಿನ ಚಕ್ರಗಳಿಗೆ ಕಲ್ಲುಗಳನ್ನಿಡಿಸಿ, ಕುಡಿಯುವ ನೀರಿನ ಬಾಟಲಿಯಿಂದ ಸ್ವಲ್ಪ ಸ್ವಲ್ಪವಾಗಿ ಹುಯ್ಯುತ್ತ, ನಡುನಡುವೆ ಮೇಲಣ ಹೋಸನ್ನು ಹಸುವಿನ ಕೆಚ್ಚಲನ್ನು ಹಿಂಡುವಂತೆ ಹಿಂಡುತ್ತ ಹೋದನು. ಪ್ರತಿ ಸಲ ಹಿಂಡಿದಾಗಲೂ ಗುಳಕ್ಕೆಂದು ಗುಳ್ಳೆಯೊಂದು ಮೇಲೆದ್ದು ನೀರು ತಗ್ಗುತ್ತಿತ್ತು. ಎರಡು ಬಾಟಲಿ ನೀರು ಹಿಡಿಯಿತು. ‘ಹಾಕಿದೋರು ಗಾಳಿ ಬಿಡಿಸಿಲ್ಲ ಸಾರ್’ ಎಂದಷ್ಟೇ ಹೇಳಿ ಅವನು ಹೊರಟುಹೋದನು. ನಿಧಾನವಾಗಿ ನಡೆಸಿಕೊಂಡು ಸಕಲೇಶಪುರವನ್ನು ಸೇರಿ, ಅಲ್ಲಿ ಬಂಡಿಯನ್ನು ಸರಿಪಡಿಸಿಕೊಂಡರು. ಇಂಜಿನಿಗೆ ಹಾನಿಯಾಗಿರಲಿಲ್ಲ. ಇನ್ನೂ ನಾಲ್ಕು ತಿರುವು ಏರಿದ್ದರೆ ಆಗದೆ ಇರುತ್ತಿರಲಿಲ್ಲ. ಆ ಮುಚ್ಚಳವನ್ನು ಬಿಚ್ಚಿದ್ದರೆ ಇಂಜಿನಿನ ಮಾತು ಹಾಗಿರಲಿ, ಅವನ ಕಣ್ಣುಗಳ ಗತಿಯೇನಾಗುತ್ತಿತ್ತೋ!

ಲಾರಿಯ ಚಾಲಕನು ಅಷ್ಟು ಭಯದಿಂದ ಓಡಿಬಂದುದೇಕೆಂಬುದನ್ನು ಗೃಹಿಣಿಯರು ಬೇಗ ತಿಳಿಯಬಲ್ಲರು. ರೇಡಿಯೇಟರಿನ ಮುಚ್ಚಳವು ಬರಿಯ ಬಿರಡೆಯಲ್ಲ. ಅದು ಪ್ರೆಷರ್ ಕುಕ್ಕರಿನ ವೇಯ್ಟಿನಂತೆ ಒತ್ತಡವನ್ನು ಹಿಡಿದಿಡುವ ಸಾಧನ. ಹಲವು ಕಾರುಗಳಲ್ಲಿ ಆ ಒತ್ತಡವು ಕುಕ್ಕರಿನಲ್ಲಿರುವಷ್ಟೇ ಇರುವುದು. ಒತ್ತಡವಿರುವ ತನಕ ದ್ರವವು 110, 115 ಡಿಗ್ರಿಗೂ ಕುದಿಯದೆ ಸುಮ್ಮನಿರುವುದು. ಮುಚ್ಚಳವು ಸಡಿಲವಾದ ಕ್ಷಣದಲ್ಲಿ ಒತ್ತಡವು ಬಿದ್ದು, ಒಳಗಿನ ದ್ರವವೆಲ್ಲವೂ ಏಕಕಾಲದಲ್ಲಿ ಕುದಿಯೆದ್ದು ಬುಗ್ಗೆಯಾಗಿ ಹಾರುವುದು. ಸೀಟಿಯಿಳಿಯದ ಕುಕ್ಕರನ್ನು ನಮ್ಮ ಮನೆಗಳಲ್ಲಿ ಯಾರೂ ತೆಗೆಯುವುದಿಲ್ಲ. ಇದಕ್ಕೂ ಅದೇ ನಿಯಮ ಸಲ್ಲುವುದು. ಬಟ್ಟೆಯ ಮಡಿಕೆಯು ಇದಕ್ಕೆ ರಕ್ಷೆಯಲ್ಲ. ಒಂದು ವೇಳೆ ಮೈಗೆ ಸಿಡಿದರೆ, ಸುಟ್ಟ ಎಡೆಯ ಮೇಲೆ ಕೂಡಲೆ ತಣ್ಣೀರನ್ನು 20 ನಿಮಿಷಗಳಷ್ಟು ಕಾಲ ಹರಿಯಬಿಡಬೇಕು. ಉಂಗುರ, ಬಳೆ, ಗಡಿಯಾರಗಳನ್ನು ಬಾವು ಬರುವುದಕ್ಕೆ ಮುಂಚೆಯೇ ತೆಗೆಯಬೇಕು. ಮಸಿ, ತುಪ್ಪ, ಹಲ್ಲುಜ್ಜುವ ಪೇಸ್ಟು ಇವನ್ನು ಬಳಿಯಕೂಡದು. ಕಣ್ಣು ಮುಖಗಳಿಗೆ ತಗುಲಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಇನ್ನು ಗಾಳಿಯನ್ನು ಹೊರಡಿಸುವ ಕ್ರಮ. ಬಂಡಿಯೊಡನೆ ಬಂದ ಕೈಪಿಡಿಯಲ್ಲಿ ಆಯಾ ಬಂಡಿಯ ವಿಶೇಷಗಳನ್ನು ಹೇಳಿರುವರು, ಅದೇ ಪ್ರಮಾಣ. ಇಲ್ಲಿ ಹೇಳುವುದು ಸಾಮಾನ್ಯವಾದ ರೀತಿ.

ಇಂಜಿನು ಪೂರ್ತಿಯಾಗಿ ತಣ್ಣಗಿರುವಾಗ, ರಾತ್ರಿಯೆಲ್ಲ ನಿಂತ ಬಂಡಿಯಾದರೆ ಇನ್ನೂ ಒಳ್ಳೆಯದು, ಕೆಲಸಕ್ಕೆ ತೊಡಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನನ್ನು ಓಡಿಸಕೂಡದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವಿದೆ. ಬಯಲಿನಲ್ಲಿ, ದ್ರವ ಹುಯ್ಯುವ ಬಾಯಿಯು ಎಲ್ಲಕ್ಕಿಂತ ಮೇಲಾಗುವಂತೆ, ಸಾಮಾನ್ಯವಾಗಿ ಮೂತಿಯು ತುಸು ಏರಿರುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಎಳೆದು, ಚಕ್ರಗಳಿಗೆ ಕಲ್ಲುಗಳನ್ನಿಡಬೇಕು. ಹೀಟರಿನ ಗುಂಡಿಯನ್ನು ಅತ್ಯಂತ ಬಿಸಿಯ ಕಡೆಗೆ ತಿರುಗಿಸಿಡಬೇಕು. ಕೆಲವು ಬಂಡಿಗಳಲ್ಲಿ ಹಾಗೆ ತಿರುಗಿಸದಿದ್ದರೆ ಆ ಕವಲಿನ ದಾರಿಯೇ ತೆರೆಯದು. ಹಲವು ಕಾರುಗಳಲ್ಲಿ ಗಾಳಿ ಕೂಡುವ ಎತ್ತರದ ಎಡೆಯಲ್ಲಿ ಬ್ಲೀಡಿಂಗ್ ಸ್ಕ್ರೂ ಎಂಬ ಸಣ್ಣ ತಿರುಪನ್ನು ಇಟ್ಟಿರುವರು. ಅದನ್ನು ಹಗುರವಾದ ಕೈಯಿಂದ ಸಡಿಲಿಸಬೇಕು. ಪ್ಲಾಸ್ಟಿಕ್ಕಿನದಾದರೆ ಬಲಪ್ರಯೋಗಕ್ಕೆ ಮುರಿದುಹೋಗುವುದು.

ಆಮೇಲೆ ದ್ರವವನ್ನು ತೆಳ್ಳನೆಯ ಧಾರೆಯಾಗಿ ಹುಯ್ಯಬೇಕು. ಅವಸರದಿಂದ ಹುಯ್ದರೆ ಮೊದಲು ಹೇಳಿದ ಲಾಳಿಕೆಯ ಕಥೆಯೇ ಆಗುವುದು. ಇಳಿಯುವ ದ್ರವವೇ ಏರುವ ಗಾಳಿಯ ದಾರಿಯನ್ನು ಕಟ್ಟುವುದು. ನಡುನಡುವೆ ನಿಲ್ಲಿಸಿ ರಬ್ಬರ್ ಹೋಸುಗಳನ್ನು ಹಿಂಡಬೇಕು. ತಿರುಪಿನ ಎಡೆಯಿಂದ ಮೊದಲು ಗಾಳಿ, ಆಮೇಲೆ ನೊರೆ, ಕೊನೆಗೆ ಗುಳ್ಳೆಯಿಲ್ಲದ ದ್ರವ ಬರುವುದು. ಆಗ ಅದನ್ನು ಮುಚ್ಚಬೇಕು. ಇಷ್ಟಕ್ಕೆ ಕೆಲಸವು ಮುಗಿಯಿತೆಂದು ಎದ್ದುಹೋಗುವವರೇ ಬಹಳ. ಆದರೆ ಥರ್ಮೋಸ್ಟಾಟಿನ ಬಾಗಿಲು ಇನ್ನೂ ಮುಚ್ಚಿದೆಯೆಂಬುದನ್ನು ನೆನೆಯಬೇಕು. ಅದರಾಚೆಗೆ ಗಾಳಿಯು ಇನ್ನೂ ಉಳಿದಿರಬಹುದು. ಈ ಕಾರಣಕ್ಕಾಗಿಯೇ ಕೆಲವು ಥರ್ಮೋಸ್ಟಾಟುಗಳ ತಟ್ಟೆಯಲ್ಲಿ ಒಂದು ಸಣ್ಣ ತೂತನ್ನು ಮಾಡಿ, ಅದರಲ್ಲಿ ಅಲುಗಾಡುವ ಮೊಳೆಯೊಂದನ್ನು ಇಟ್ಟಿರುವರು. ಅದರ ಸಂದಿಯಿಂದ ಗಾಳಿಯು ನುಸುಳಿ ಹೋಗುವುದು. ಥರ್ಮೋಸ್ಟಾಟನ್ನು ಬದಲಾಯಿಸುವಾಗ ಆ ಮೊಳೆಯು ಮೇಲ್ಗಡೆಗೆ ಬರುವಂತೆ ಕೂರಿಸಬೇಕು. ತಲೆಕೆಳಗಾಗಿ ಕೂರಿಸಿದರೆ ಅದರ ಉಪಯೋಗವಾಗದು.

ಈಗ ಇಂಜಿನನ್ನು ಚಾಲೂ ಮಾಡಿ, ವೇಗ ಕೊಡದೆ ಓಡಲು ಬಿಡಬೇಕು. ಮುಚ್ಚಳವನ್ನು ತೆರೆದಿಡಬೇಕೋ ಮುಚ್ಚಬೇಕೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಬಂಡಿಯಿಂದ ಬಂಡಿಗೆ ಇದು ಬೇರೆಯಾಗುವುದು. ತೆರೆದಿಡತಕ್ಕ ಬಂಡಿಯಾದರೆ ತಣ್ಣಗಿರುವಾಗಲೇ ತೆರೆದಿರಬೇಕು. ಕಾದ ಮೇಲೆ ತೆರೆಯುವುದು ಸರ್ವಥಾ ಸಲ್ಲದು. ಮುಖವನ್ನು ಆ ಬಾಯಿಯ ಮೇಲೆ ಬಾಗಿಸಬಾರದು. ತಿರುಗುವ ಫ್ಯಾನಿನ ಬಳಿಗೆ ಸೆರಗು, ಟವೆಲು, ಮಕ್ಕಳ ಕೈ ಬರದಂತೆ ನೋಡಿಕೊಳ್ಳಬೇಕು. ಸುಮಾರು ಹತ್ತು ಹದಿನೈದು ನಿಮಿಷಗಳಲ್ಲಿ ಮೇಲಣ ಹೋಸು ಇದ್ದಕ್ಕಿದ್ದ ಹಾಗೆ ಬಿಸಿಯಾಗುವುದು. ದ್ವಾರಪಾಲಕನು ಬಾಗಿಲು ತೆರೆದನೆಂಬುದಕ್ಕೆ ಅದೇ ಗುರುತು. ತೆರೆದ ಬಾಯಿಯಲ್ಲಿ ದ್ರವವು ಒಮ್ಮೆಗೇ ತಗ್ಗಿ, ಗುಳ್ಳೆಗಳು ಮೇಲೇಳುವುವು. ತಗ್ಗಿದಷ್ಟನ್ನು ತುಂಬುತ್ತ ಹೋಗಬೇಕು. ರೇಡಿಯೇಟರಿನ ಫ್ಯಾನು ಎರಡು ಸಲ ತಾನಾಗಿ ತಿರುಗಿ ನಿಲ್ಲುವವರೆಗೂ, ಹೀಟರಿನಿಂದ ಎಡೆಬಿಡದೆ ಬಿಸಿಗಾಳಿ ಬರುವವರೆಗೂ ಕಾಯಬೇಕು. ಆಮೇಲೆ ಇಂಜಿನನ್ನು ನಿಲ್ಲಿಸಿ, ಪೂರ್ತಿಯಾಗಿ ತಣಿದ ಮೇಲೆ, ಹೆಚ್ಚಾಗಿ ಮರುದಿನ ಬೆಳಗ್ಗೆ, ಮಟ್ಟವನ್ನು ಮತ್ತೆ ನೋಡಿ ಕಡಿಮೆಯಾದುದನ್ನು ತುಂಬಬೇಕು. ಒಂದೆರಡು ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಆ ಮೆಕ್ಯಾನಿಕನು ‘ನಾಳೆ ಬನ್ನಿ’ ಎಂದುದರಲ್ಲಿ ಇಷ್ಟು ನ್ಯಾಯವುಂಟು.

ಇಂಜಿನು ಹಿಂದೆ, ರೇಡಿಯೇಟರು ಮುಂದೆ ಇರುವ ಬಂಡಿಗಳಲ್ಲಿ ಕೊಳವೆಗಳು ಬಂಡಿಯುದ್ದಕ್ಕೂ ಹರಿಯುವುದರಿಂದ ತೊಡಕು ಹೆಚ್ಚು. 1980ರ ದಶಕದ ಫೋಕ್ಸ್‌ವ್ಯಾಗನ್ ಕಂಪೆನಿಯ ನೀರಿನಿಂದ ತಣಿಯುವ ವ್ಯಾನುಗಳಲ್ಲಿ ಮುಂಭಾಗವನ್ನು ಜಾಕಿನಿಂದ ಎತ್ತಿ ನಿಲ್ಲಿಸಿಯೇ ಗಾಳಿಯನ್ನು ಬಿಡಿಸುವರು. ದೊಡ್ಡ ವರ್ಕ್‌ಷಾಪುಗಳಲ್ಲಿ ಈಗ ಇನ್ನೊಂದು ಉಪಾಯವುಂಟು: ಮೊದಲು ಒಳಗಿನ ಗಾಳಿಯನ್ನೆಲ್ಲ ಯಂತ್ರದಿಂದ ಹೀರಿ ತೆಗೆದು, ಆ ನಿರ್ವಾತಕ್ಕೆ ದ್ರವವು ತಾನಾಗಿ ನುಗ್ಗುವಂತೆ ಮಾಡುವರು. ಬ್ಯಾಟರಿಯಿಂದ ಓಡುವ ವಿದ್ಯುತ್ ಕಾರುಗಳಲ್ಲಿ ಇಂಜಿನಿಲ್ಲದಿದ್ದರೂ ಅನೇಕದರಲ್ಲಿ ಬ್ಯಾಟರಿಯನ್ನು ತಂಪಾಗಿಡಲು ಇಂಥದೇ ದ್ರವವಿರುವುದು. ಅದನ್ನು ಮನೆಯಲ್ಲಿ ಬಿಚ್ಚಲು ಹೋಗದೆ ಬಲ್ಲವರಿಗೆ ಬಿಡುವುದೇ ವಿವೇಕ.

ಎಷ್ಟು ಸಲ ಬಿಡಿಸಿದರೂ ಗುಳ್ಳೆಗಳು ನಿಲ್ಲದಿದ್ದರೆ? ಆಗ ಗಾಳಿಯು ಒಳಗೆ ಸಿಕ್ಕಿಕೊಂಡದ್ದಲ್ಲ, ಹೊಸದಾಗಿ ಬರುತ್ತಿರುವುದೆಂದು ತಿಳಿಯಬೇಕು. ಮುಚ್ಚಳವು ಸವೆದಿರಬಹುದು. ಇಂಜಿನು ತಣಿಯುವಾಗ ದ್ರವವು ಕುಗ್ಗಿ, ಪಕ್ಕದ ಡಬ್ಬಿಯಿಂದ ಮುಚ್ಚಳದ ಮೂಲಕ ಮತ್ತಷ್ಟನ್ನು ಎಳೆದುಕೊಳ್ಳುವ ಏರ್ಪಾಡು ಹಲವು ಬಂಡಿಗಳಲ್ಲಿ ಉಂಟು. ಆ ಸಣ್ಣ ಕೊಳವೆಯು ಸೀಳಿದ್ದರೆ ದ್ರವದ ಬದಲು ಗಾಳಿಯನ್ನೇ ಎಳೆದುಕೊಳ್ಳುವುದು. ಇವು ಅಲ್ಪವ್ಯಯದ ದೋಷಗಳು. ಹೆಡ್ ಗ್ಯಾಸ್ಕೆಟ್ಟು ಹೋಗಿ ಸಿಲಿಂಡರಿನ ಹೊಗೆಯೇ ದ್ರವಕ್ಕೆ ನುಗ್ಗುತ್ತಿದ್ದರೆ ಅದು ದೊಡ್ಡ ರೋಗ. ಅದನ್ನು ಪರೀಕ್ಷಿಸಲು ನೀಲಿಬಣ್ಣದ ರಸವೊಂದನ್ನು ಬಳಸುವರು; ಪೆಟ್ರೋಲ್ ಇಂಜಿನಿನ ಹೊಗೆಯು ತಗುಲಿದರೆ ಅದು ಹಳದಿಗೆ ತಿರುಗುವುದು. ಇಂಜಿನನ್ನು ಬಿಚ್ಚಬೇಕೆಂದು ಯಾರಾದರೂ ಹೇಳಿದರೆ, ಈ ಪರೀಕ್ಷೆಯನ್ನು ತಮ್ಮ ಕಣ್ಣೆದುರಿಗೆ ಮಾಡಿ ತೋರಿಸುವಂತೆ ವಾಚಕರು ಕೇಳಬಹುದು.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲೆಂಬ ವಸ್ತುವು ರುಚಿಗೆ ಸಿಹಿ, ಗುಣದಲ್ಲಿ ವಿಷ. ಹಸುರು, ಕೆಂಪು, ನೀಲಿ ಬಣ್ಣಗಳಿಂದ ಷರಬತ್ತಿನಂತೆ ತೋರುವುದು. ಇದನ್ನು ಶೀತಲ ಪಾನೀಯದ ಬಾಟಲಿಗಳಲ್ಲಿ ತುಂಬಿಡಕೂಡದು. ಬಿಚ್ಚಿ ತೆಗೆದ ಹಳೆಯದನ್ನು ಅಂಗಳದ ತಟ್ಟೆಯಲ್ಲಿ ಬಿಟ್ಟುಹೋದರೆ ನಾಯಿ ಬೆಕ್ಕುಗಳು ನೆಕ್ಕಿ ಸಾಯುವುವು. ಚರಂಡಿಗೂ ಬಾವಿಯ ಬಳಿಗೂ ಚೆಲ್ಲದೆ ವರ್ಕ್‌ಷಾಪಿಗೆ ಒಪ್ಪಿಸಬೇಕು. ಬಣ್ಣವು ಒಂದೇ ಎಂಬ ಮಾತ್ರಕ್ಕೆ ಎರಡು ಬಗೆಯವನ್ನು ಬೆರೆಸಬಾರದು. ಕೈಪಿಡಿಯಲ್ಲಿ ಹೇಳಿದ ಜಾತಿಯದನ್ನೇ ಹಾಕಬೇಕು. ಘಟ್ಟದ ದಾರಿಯಲ್ಲಿ ಅನಿವಾರ್ಯವಾಗಿ ಬರಿಯ ನೀರನ್ನು ಹುಯ್ದಿದ್ದರೆ ಊರಿಗೆ ಬಂದ ಮೇಲೆ ಸರಿಪಡಿಸಿಕೊಳ್ಳಬೇಕು. ಬೆಂದ ಇಂಜಿನಿಗೆ ತಣ್ಣೀರನ್ನು ಹುಯ್ಯಲೇಕೂಡದು. ಕಾದ ಗಾಜಿನ ಲೋಟವು ಸೀಳುವಂತೆ ಲೋಹವೂ ಸೀಳೀತು.

ತಿಪಟೂರಿನ ಮಿತ್ರರಿಗೆ ಹೇಳುವುದಿಷ್ಟು. ನಿಮ್ಮ ಮೆಕ್ಯಾನಿಕನು ಹೇಳಿದ ರೋಗವು ಸುಳ್ಳಲ್ಲ. ಆದರೆ ಗಾಳಿಯನ್ನು ಬಿಡಿಸುವುದು ಕೂಲೆಂಟು ಹಾಕುವ ಕೆಲಸದ ಉತ್ತರಾರ್ಧವೇ ಹೊರತು ಬೇರೊಂದು ಕೆಲಸವಲ್ಲ. ಮೊದಲ ದಿನ ಅದನ್ನು ಪೂರೈಸದೆ ಕೊಟ್ಟವರು ಎರಡನೆಯ ಸಲ ಕೂಲಿ ಕೇಳುವುದು ನ್ಯಾಯವಲ್ಲವೆಂದು ವಿನಯದಿಂದಲೇ ತಿಳಿಸಬಹುದು. ಇನ್ನುಮೇಲೆ ಕೂಲೆಂಟನ್ನಾಗಲಿ, ಥರ್ಮೋಸ್ಟಾಟನ್ನಾಗಲಿ, ಹೋಸನ್ನಾಗಲಿ ಬದಲಾಯಿಸಿದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿ ಬಂಡಿಯನ್ನು ಬಿಡಿಸಿಕೊಳ್ಳಿ: ಫ್ಯಾನು ತಿರುಗಿ ನಿಲ್ಲುವವರೆಗೆ ಓಡಿಸಿದಿರಾ? ಹೀಟರಿನಿಂದ ಬಿಸಿಗಾಳಿ ಬಂದಿತೇ? ತಣಿದ ಮೇಲೆ ಮಟ್ಟವನ್ನು ಮತ್ತೆ ನೋಡಿದಿರಾ? ಮೂರಕ್ಕೂ ಹೌದೆಂಬ ಉತ್ತರ ಬರುವವರೆಗೆ ಮನೆಯವರನ್ನು ಕುಳ್ಳಿರಿಸಿಕೊಂಡು ಘಟ್ಟವನ್ನೇರಬೇಡಿ.

ಬ್ರೇಕಿನ ಎಣ್ಣೆಯಲ್ಲಿಯೂ ಗಾಳಿ ಸೇರುವುದುಂಟಲ್ಲವೇ ಎಂದು ಕೆಲವರು ಕೇಳಬಹುದು. ಸೇರುವುದುಂಟು, ಅದರ ಕ್ರಮವೂ ಅಪಾಯವೂ ಬೇರೆಯೇ ಆಗಿರುವುದರಿಂದ ಇಲ್ಲಿ ಹೇಳಿದುದನ್ನು ಅದಕ್ಕೆ ಅನ್ವಯಿಸಬಾರದು. ಆ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆನು.